ಮನೆ ಬಿಟ್ಟು ಹೋದ ಮಗು ವಾಪಸ್ ಬಂದಾಗ

ಮಗು ಮನೆ ಬಿಟ್ಟು ಹೋದರೆ ಏನು ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ವಾಪಸ್ ಬಂದ ಮೇಲೆ ಏನು ಮಾಡಬೇಕು ಅಂತ ಕೇಳುವವರು ಕಡಿಮೆ. ಮಕ್ಕಳ ಆಪ್ತಸಮಾಲೋಚಕಿಯಾಗಿ ನಾನು ಕಂಡಂತೆ, ಮಗು ಮತ್ತೆ ಹೋಗುತ್ತದೋ ಇಲ್ಲವೋ ಅನ್ನುವುದು ಬಹಳಷ್ಟು ಮನೆಗಳಲ್ಲಿ ಆ ವಾಪಸ್ ಬಂದ ರಾತ್ರಿಯ ಮೇಲೆ ನಿಂತಿರುತ್ತದೆ.

ಹುಡುಕುವ ವಿಷಯ ಮೊದಲು ಹೇಳಿಬಿಡುತ್ತೇನೆ. ಪೊಲೀಸರಿಗೆ ದೂರು ಕೊಡಲು 24 ಗಂಟೆ ಕಾಯಬೇಕು ಅನ್ನುವ ನಿಯಮವೇ ಇಲ್ಲ. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 112ಕ್ಕೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮೆಜೆಸ್ಟಿಕ್‌ನಲ್ಲೋ ಯಶವಂತಪುರದಲ್ಲೋ ರೈಲು ಹತ್ತಿದ ಮಗು ಬೆಳಗಾಗುವಷ್ಟರಲ್ಲಿ ಬೇರೆ ರಾಜ್ಯದಲ್ಲಿರಬಹುದು. ನೆಂಟರಿಷ್ಟರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಅಂತ ತಡ ಮಾಡಬೇಡಿ.

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಮನೆಯ ವಿಷಯ ಹೇಳುತ್ತೇನೆ. ಹನ್ನೆರಡು ವರ್ಷದ ಹುಡುಗ. ಕ್ಲಾಸಿನಲ್ಲಿ ಒಂದು ಕಡೆ ಕೂರಲ್ಲ, ಪಕ್ಕದವರಿಗೆ ಹೊಡೆಯುತ್ತಾನೆ, ಮನೆಯಲ್ಲಿ ಮಾತೆತ್ತಿದರೆ ಎದುರುತ್ತರ. ಎರಡು ಸಲ ಮನೆ ಬಿಟ್ಟಿದ್ದ, ಎರಡೂ ಸಲ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್‌ನಲ್ಲಿ ಸಿಕ್ಕಿದ್ದ. "ಸಹವಾಸ ಸರಿ ಇಲ್ಲ ಮೇಡಂ," ಅಂದರು ಅಪ್ಪ. ಅವನು ಹೋದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿದೆ. ಎರಡೂ ಸಲ ಅದು ಟೆಸ್ಟ್ ಪೇಪರ್ ಕೊಟ್ಟ ದಿನ, ಅಪ್ಪನ ಸೈನ್ ಹಾಕಿಸಬೇಕಾದ ದಿನ! ಕನ್ನಡ ಪುಸ್ತಕ ಕೊಟ್ಟು ಓದಿಸಿದೆ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಿದ್ದ ಹುಡುಗ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದ. 'ಅಕ್ಕ' ಅನ್ನುವುದನ್ನು 'ಅಕ' ಅಂತ ಓದಿ, ನನ್ನ ಮುಖ ನೋಡುತ್ತಿದ್ದ. ಪರೀಕ್ಷೆ ಮಾಡಿಸಿದಾಗ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಜೊತೆಗೆ ಡಿಸ್ಲೆಕ್ಸಿಯಾ (ಓದು-ಬರಹ ಕಷ್ಟವಾಗುವ ತೊಂದರೆ) ಕೂಡ ಇತ್ತು. ಇವೆರಡೂ ಒಟ್ಟಿಗೆ ಇರುವ ಮಕ್ಕಳು ಅಪರೂಪವೇನಲ್ಲ. ಇಷ್ಟು ವರ್ಷ ಅವನಿಗೆ ಸಿಕ್ಕಿದ್ದು ಮಾತ್ರ 'ಸೋಮಾರಿ', 'ಪೋಲಿ' ಅನ್ನುವ ಹೆಸರು.

ಎಡಿಎಚ್‌ಡಿ ಇರುವ ಮಗುವಿಗೆ, ಮನಸ್ಸಿಗೆ ಬಂದದ್ದನ್ನು ಮಾಡುವ ಮುಂಚೆ ತಡೆದುಕೊಳ್ಳುವುದು ಕಷ್ಟ. "ತೊಲಗು ಮನೆಯಿಂದ" ಅಂದರೆ ಹೋಗಿಯೇ ಬಿಡಬಹುದು. ಎಷ್ಟೇ ಸಿಟ್ಟು ಬಂದರೂ ಆ ಮಾತು ಬೇಡವೇ ಬೇಡ.

ಇನ್ನು ವಾಪಸ್ ಬಂದ ರಾತ್ರಿ. ನೀವು ಹೆದರಿ ನಡುಗಿಹೋಗಿರುತ್ತೀರಿ, ಆ ಹೆದರಿಕೆಯೇ ಏಟಾಗಿ ಹೊರಗೆ ಬರುತ್ತದೆ. ದಯವಿಟ್ಟು ಕೈ ಎತ್ತಬೇಡಿ. "ಬಂದೆಯಲ್ಲ, ಸಾಕು" ಅನ್ನಿ. ಊಟ ಹಾಕಿ. ಮೈಮೇಲೆ ಗಾಯ ಇದೆಯಾ ನೋಡಿ, ಹೊರಗೆ ಯಾರಾದರೂ ತೊಂದರೆ ಕೊಟ್ಟರಾ ಅಂತ ಮೆಲ್ಲಗೆ ಕೇಳಿ. ಮಲಗಲು ಬಿಡಿ. ದೊಡ್ಡಪ್ಪ, ಮಾವ, ಪಕ್ಕದ ಮನೆಯವರು ಸಾಲಾಗಿ ಬಂದು ಬುದ್ಧಿ ಹೇಳಲು ಅವತ್ತು ಬಿಡಬೇಡಿ. "ಹೀಗೆ ಮುದ್ದು ಮಾಡಿದರೆ ಮತ್ತೆ ಹೋಗಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಹಸಿದ ಮಗುವಿಗೆ ಊಟ ಹಾಕುವುದು ಮುದ್ದಲ್ಲ. ಮನೆಗೆ ಬಂದರೆ ಏಟು ಕಾದಿದೆ ಅಂತ ಗೊತ್ತಿರುವ ಮಗು ಮುಂದಿನ ಸಲ ಬರಲು ಇನ್ನೂ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ.

ಶಿಸ್ತಿನ ಮಾತು ಮಾರನೇ ದಿನಕ್ಕಿರಲಿ. "ಯಾಕೆ ಹೋದೆ?" ಅಂದರೆ ಮಗು ಸುಮ್ನೆ ತಲೆ ತಗ್ಗಿಸುತ್ತದೆ. "ಹೋಗುವ ಮುಂಚೆ ಏನಾಯ್ತು?" ಅಂತ ಕೇಳಿ ನೋಡಿ. ಮನೆಯಿಂದ ದುಡ್ಡು ತೆಗೆದಿದ್ದರೆ ಅದನ್ನು ಹೇಗೆ ತುಂಬಿಕೊಡುವುದು ಅಂತ ಇಬ್ಬರೂ ಕೂತು ತೀರ್ಮಾನಿಸಿ.

ಸಿಟ್ಟು ಬಂದಾಗ ಹೋಗಲು ಒಂದು ಜಾಗವನ್ನೂ ಆಗಲೇ ಗೊತ್ತು ಮಾಡಿ. ಆ ಹುಡುಗನಿಗೆ ಪಕ್ಕದ ಬೀದಿಯ ಸೋದರತ್ತೆ ಮನೆ ಗೊತ್ತು ಮಾಡಿದೆವು. ಅಲ್ಲಿಗೆ ಹೋದರೆ ಬೈಯುವಂತಿಲ್ಲ, ಅತ್ತೆ ಅಮ್ಮನಿಗೆ ಫೋನ್ ಮಾಡಬೇಕು, ಅಷ್ಟೆ. ಮುಂದಿನ ಟೆಸ್ಟ್ ಪೇಪರ್ ಬಂದ ದಿನ ಅವನು ಹೋಗಿದ್ದು ಅಲ್ಲಿಗೇ.

ಮನೆಯಲ್ಲೇ ಯಾರೋ ಹೊಡೆಯುತ್ತಾರೆ, ಕೆಟ್ಟದಾಗಿ ಮುಟ್ಟುತ್ತಾರೆ ಅಂತ ಮಗು ಹೇಳಿದರೆ ನಂಬಿ. ಆ ವ್ಯಕ್ತಿಯಿಂದ ಮಗುವನ್ನು ದೂರ ಇಟ್ಟು 1098ಕ್ಕೆ ತಿಳಿಸಿ. ಸಾಯುವ ಮಾತಾಡಿದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416 ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ಹೋಗುವಾಗ ಮಗುವಿನ ನೋಟ್‌ಬುಕ್, ಮಾರ್ಕ್ಸ್ ಕಾರ್ಡ್ ಜೊತೆಗಿರಲಿ.