ಅತ್ತೆಯ ಕಣ್ಣಲ್ಲಿ ಕಿಡ್ನಿ ಇಲ್ಲ

ಶಿಡ್ಲಘಟ್ಟದ ನಮ್ಮ ಸೋದರತ್ತೆಯದು ರೇಷ್ಮೆ ನೂಲು ಬಿಚ್ಚುವ ಕೆಲಸ. ಬಿಸಿನೀರಲ್ಲಿ ಗೂಡು ತಡಕಿ ತಡಕಿ ಬೆರಳಿನ ಗೆರೆಗಳೇ ಸವೆದುಹೋಗಿವೆ. ರೇಷನ್ ಅಂಗಡಿಯ ಮೆಷಿನ್ನು ಅವರ ಹೆಬ್ಬೆಟ್ಟು ಒಪ್ಪುವುದಿಲ್ಲ. ಕಣ್ಣು ತೋರಿಸಿದರೆ ಮಾತ್ರ ಅಕ್ಕಿ. ಹೋದ ತಿಂಗಳು ಯಾವುದೋ ಶಿಬಿರದಲ್ಲಿ ಅದೇ ಕಣ್ಣಿನ ಫೋಟೊ ತೆಗೆದು, "ಕಿಡ್ನಿ ವೀಕ್ ಇದೆ ಅಮ್ಮಾ" ಎಂದು ಎರಡು ಡಬ್ಬಿ ಪುಡಿ ಮಾರಿ ಕಳಿಸಿದ್ದಾರೆ.

ಇದರ ಹೆಸರು ಇರಿಡಾಲಜಿ. ಪಾಪೆಯ ಸುತ್ತಲಿನ ಕಂದು ಬಳೆ ಇದೆಯಲ್ಲ, ಐರಿಸ್, ಅದರಲ್ಲಿ ಇಡೀ ದೇಹದ ನಕ್ಷೆ ಇದೆಯಂತೆ. ಗಡಿಯಾರದ ಹಾಗೆ ಭಾಗ ಮಾಡಿದ ಚಾರ್ಟು. ಆರು ಗಂಟೆಯ ಆಸುಪಾಸು ಕಿಡ್ನಿ. 19ನೇ ಶತಮಾನದಲ್ಲಿ ಇದನ್ನು ಶುರುಮಾಡಿದವನು ಹಂಗೇರಿಯ ಇಗ್ನಾಜ್ ಪೆಟ್ಸೆಲಿ. ಹುಡುಗನಾಗಿದ್ದಾಗ ಒಂದು ಗೂಬೆ ಹಿಡಿಯಲು ಹೋಗಿ ಅದರ ಕಾಲು ಮುರಿದನಂತೆ, ಆಮೇಲೆ ಅದರ ಕಣ್ಣಲ್ಲಿ ಗೆರೆ ಕಂಡಿತಂತೆ. ಆ ಗೂಬೆಯನ್ನು ಈಗ ತಂದು ನಮ್ಮತ್ತೆಯ ಕಿಡ್ನಿ ಮೇಲೆ ಕೂರಿಸಿದ್ದಾರೆ.

ನಿಜವಾದ ಸೋಜಿಗ ಬೇರೆಯೇ ಇದೆ. ತಾಯಿಯ ಹೊಟ್ಟೆಯಲ್ಲಿ ಮೂರನೇ ತಿಂಗಳಿಗೆ ಐರಿಸ್ ಕಟ್ಟಿಕೊಳ್ಳಲು ಶುರುವಾಗುತ್ತದೆ. ಎಂಟನೇ ತಿಂಗಳ ಹೊತ್ತಿಗೆ ನೇಯ್ಗೆ ಹೆಚ್ಚುಕಮ್ಮಿ ಮುಗಿದಿರುತ್ತದೆ. ಯಾವ ಎಳೆ ಎತ್ತ ಹೊರಳಬೇಕು, ಎಲ್ಲಿ ಕುಳಿ ಬೀಳಬೇಕು ಅನ್ನುವುದು ಬಹುಪಾಲು ಆಕಸ್ಮಿಕ. ಒಂದೇ ಚಂದ್ರಿಕೆಯಲ್ಲಿ, ಅಂದರೆ ಗೂಡು ಕಟ್ಟಲು ಬಿಡುವ ತಟ್ಟಿಯಲ್ಲಿ, ಕೂತ ಎರಡು ರೇಷ್ಮೆಹುಳು ನೋಡಿ. ಒಂದೇ ತಳಿ, ತಿಂದದ್ದು ಒಂದೇ ತೋಟದ ಸೊಪ್ಪು. ಎಳೆ ಸುತ್ತಿದ ದಾರಿ ಒಂದೇ ಇರುತ್ತದಾ? ಇಲ್ಲವೇ, ಬತ್ತಿದ ಕೆರೆ ಅಂಗಳ ಬಿರಿದ ಹಾಗೆ ಅನ್ನಿ. ಅದೇ ಮಣ್ಣು, ಅದೇ ಬಿಸಿಲು, ವರ್ಷ ವರ್ಷವೂ ಬೇರೆ ಬಿರುಕು. ಅವಳಿಗಳ ಐರಿಸ್ ಕೂಡ ಹೊಂದುವುದಿಲ್ಲ. ಅಷ್ಟೇಕೆ, ನಿಮ್ಮ ಎಡಗಣ್ಣಿನದೇ ಬಲಗಣ್ಣಿನ ಹಾಗಿಲ್ಲ. ಒಂದೇ ವ್ಯತ್ಯಾಸ, ಈ ಕೆರೆಗೆ ಮತ್ತೆ ನೀರು ಬರುವುದಿಲ್ಲ. ಬಿದ್ದ ಬಿರುಕು ಹಾಗೇ ಉಳಿಯುತ್ತದೆ.

ಹಾಗೆ ಉಳಿಯುತ್ತದೆ ಎಂದು ನಂಬಿಯೇ ಕೇಂಬ್ರಿಜ್‌ನ ಜಾನ್ ಡಾಗ್‌ಮನ್ ಒಂದು ಕಣ್ಣನ್ನು 2,048 ಸೊನ್ನೆ-ಒಂದುಗಳಾಗಿ ಬರೆಯುವ ವಿಧಾನ ಕಂಡುಹಿಡಿದು 1994ರಲ್ಲಿ ಪೇಟೆಂಟ್ ಪಡೆದರು. ಆಧಾರ್‌ಗೆ ನಾವು ಕಣ್ಣು ಕೊಟ್ಟದ್ದೂ ಇದೇ ಭರವಸೆಯ ಮೇಲೆ. ಏಟು, ಕಣ್ಣಿನೊಳಗಿನ ಉರಿಯೂತ, ಆಪರೇಷನ್ ಇಂಥವು ಐರಿಸ್ ಕೆಡಿಸಬಹುದು, ನಿಜ. ಆದರೆ ಕಿಡ್ನಿ, ಲಿವರ್ ಕೈಕೊಟ್ಟಾಗೆಲ್ಲ ಅಲ್ಲಿ ಗೆರೆ ಮೂಡುವುದಾದರೆ ಕಾಯಿಲೆ ಬಿದ್ದವರಿಗೆಲ್ಲ ರೇಷನ್ ಕಟ್ ಆಗಬೇಕಿತ್ತು, ಅಲ್ವಾ?

ಪರೀಕ್ಷೆಯೂ ನಡೆದಿದೆ. 1979ರಲ್ಲಿ ಅಮೆರಿಕದಲ್ಲಿ ಇರಿಡಾಲಜಿ ಪಂಡಿತರಿಗೆ 143 ಜನರ ಕಣ್ಣಿನ ಫೋಟೊ ಕೊಟ್ಟು, ಯಾರಿಗೆ ಕಿಡ್ನಿ ಕಾಯಿಲೆ ಹೇಳಿ ಎಂದರು. ಒಬ್ಬ ಪಂಡಿತ ಆರೋಗ್ಯವಂತರಲ್ಲಿ ಶೇ. 88 ಮಂದಿಗೆ ಕಾಯಿಲೆ ಅಂಟಿಸಿದ.

ಹಾಗಂತ ಕಣ್ಣಲ್ಲಿ ಏನೂ ಗೊತ್ತಾಗುವುದಿಲ್ಲ ಎಂದಲ್ಲ. ಕಾಮಾಲೆಗೆ ಕಣ್ಣಿನ ಬಿಳಿ ಹಳದಿಯಾಗುತ್ತದೆ. ಶುಗರ್ ಇದ್ದವರ ಕಣ್ಣಿನ ಹಿಂಬದಿಯ ರೆಟಿನಾದಲ್ಲಿ ರಕ್ತನಾಳ ಕೆಡುತ್ತದೆ. ಅದನ್ನು ನೋಡಲು ಡಾಕ್ಟರು ಹನಿ ಹಾಕಿ ಪಾಪೆ ಅಗಲಿಸುತ್ತಾರೆ. ಅಂದರೆ ಐರಿಸ್ಸನ್ನು ಪರದೆ ಥರ ಪಕ್ಕಕ್ಕೆ ಸರಿಸಿ ನೋಡುತ್ತಾರೆ!

ಅತ್ತೆಗೆ ಕಿಡ್ನಿ ಹೇಗಿದೆ ಎಂದು ತಿಳಿಯುವ ರಕ್ತಪರೀಕ್ಷೆ, ಕ್ರಿಯೇಟಿನಿನ್ ಟೆಸ್ಟ್ ಮಾಡಿಸಿದೆವು. ನಾರ್ಮಲ್. ಪುಡಿಯನ್ನು ತಿಪ್ಪೆಗೆ ಸುರಿದರು. ಡಬ್ಬಿ ಮಾತ್ರ ಗಟ್ಟಿಮುಟ್ಟಾಗಿದೆ ಎಂದು ತೊಳೆದು, ಒಂದರಲ್ಲಿ ಜೀರಿಗೆ, ಇನ್ನೊಂದರಲ್ಲಿ ಸಾಸಿವೆ ತುಂಬಿಟ್ಟಿದ್ದಾರೆ.