ಆ ಕರಿ ಡಬ್ಬ ಬಿಚ್ಚಿಸುವ ಮೊದಲು

ಹೋದ ತಿಂಗಳು ಒಂದೇ ವಾರದಲ್ಲಿ ನನ್ನ ಗ್ಯಾರೇಜಿಗೆ ಮೂರು ಗಾಡಿ ಬಂದವು, ಮೂರರದ್ದೂ ಒಂದೇ ಕಥೆ. ಬಾನೆಟ್ ಎತ್ತಿದರೆ ಕಂಪನಿ ಕೊಟ್ಟ ಏರ್ ಫಿಲ್ಟರಿನ ಕರಿ ಪ್ಲಾಸ್ಟಿಕ್ ಡಬ್ಬ ಇಲ್ಲ. ಅದರ ಜಾಗದಲ್ಲಿ ಕೋನ್ ಐಸ್‌ಕ್ರೀಮ್ ಆಕಾರದ ಕೆಂಪು ಫಿಲ್ಟರ್, ಒಂದು ಕ್ಲಿಪ್ಪಿನಲ್ಲಿ ಬಿಗಿದು, ಇಂಜಿನ್ ಪಕ್ಕದಲ್ಲೇ ಬೋಳಾಗಿ ನಿಂತಿದೆ. "ಅಣ್ಣಾ, ಪಿಕಪ್ ಸೂಪರ್ ಆಗಿದೆ. ಮೈಲೇಜ್ ಮಾತ್ರ ಯಾಕೋ ಇಳಿದಿದೆ, ಸ್ವಲ್ಪ ನೋಡಿ" ಅಂತಾರೆ. ಮೂವರೂ ಇದನ್ನೇ ಹೇಳಿದರು.

ಪಿಕಪ್ ಸೂಪರ್ ಆಗಿಲ್ಲ, ಸದ್ದು ಜಾಸ್ತಿಯಾಗಿದೆ. ಈ ಎರಡಕ್ಕೂ ಇರುವ ವ್ಯತ್ಯಾಸ ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಡಬ್ಬದಿಂದ ಒಂದು ಸೊಂಡಿಲು ಮುಂದಕ್ಕೆ ಹೋಗಿರುತ್ತದೆ, ಗ್ರಿಲ್ ಹತ್ತಿರಕ್ಕೋ ಹೆಡ್‌ಲೈಟ್ ಹಿಂಬದಿಗೋ. ಯಾಕೆ ಅಷ್ಟು ಸುತ್ತಾಡಿಸಿ ಇಟ್ಟಿದ್ದಾರೆ? ಹೊರಗಿನ ತಣ್ಣನೆ ಗಾಳಿ ಎಳೆದುಕೊಳ್ಳಲಿ ಅಂತ. ಇಂಜಿನ್ನಿಗೆ ಬೇಕಾದದ್ದು ಗಾಳಿಯ ತೂಕ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಅದೇ ಜಾಗದಲ್ಲಿ ಕಡಿಮೆ ತೂಕ ಹಿಡಿಯುತ್ತದೆ. ನಮ್ಮ ಹವೆಯಲ್ಲಿ 3 ಡಿಗ್ರಿ ಏರಿದರೆ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಖೋತಾ.

ಆ ಮೂವರಲ್ಲಿ ಒಬ್ಬ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಕ್ಯಾನರ್ ಹಾಕಿ, ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದು ಸುತ್ತು ಹೊಡೆದೆ. ಹೊರಗೆ 33 ಡಿಗ್ರಿ. ಇಂಜಿನ್ ಒಳಗೆ ಹೋಗುವ ಗಾಳಿಯ ಬಿಸಿ ಸ್ಕ್ಯಾನರಿನಲ್ಲಿ ಏರುತ್ತಾ ಏರುತ್ತಾ 64ಕ್ಕೆ ಬಂತು. ಆಮೇಲೆ ಗ್ಯಾರೇಜಿನಲ್ಲಿದ್ದ ಅದೇ ಮಾಡೆಲ್ಲಿನ ಇನ್ನೊಂದು ಗಾಡಿ, ಕಂಪನಿ ಫಿಟ್ಟಿಂಗ್ ಇದ್ದದ್ದು, ಅದೇ ರಸ್ತೆಗೆ ಒಯ್ದೆ. 44 ದಾಟಲಿಲ್ಲ. 20 ಡಿಗ್ರಿ ವ್ಯತ್ಯಾಸ ಅಂದರೆ ಫುಲ್ ಆಕ್ಸಿಲರೇಟರ್ ಕೊಟ್ಟಾಗ ಸುಮಾರು ನೂರಕ್ಕೆ ಆರು ಪಾಲು ಗಾಳಿ ಕಡಿಮೆ. ಅದರ ಮೇಲೆ, ಬಿಸಿ ಗಾಳಿಗೆ ಇಂಜಿನ್ ನಾಕಿಂಗ್ ಹೊಡೆಯಬಾರದೆಂದು, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಟಕಟಕ ಅನ್ನಬಾರದೆಂದು, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕಿಡಿ ಹೊತ್ತಿಸುವ ಟೈಮಿಂಗನ್ನೂ ತುಸು ತಡವಾಗಿಸುತ್ತದೆ. ದುಡ್ಡು ಕೊಟ್ಟು ಪವರ್ ಕಳೆದುಕೊಂಡಂತಾಯಿತು.

"ಆದ್ರೆ ಅಣ್ಣಾ, ಮಂಗಳೂರಿಗೆ ಹೋಗಿದ್ದೆ. ಅಲ್ಲಿ ಗಾಡಿ ಹೆಂಗೆ ಎಳೀತು ಗೊತ್ತಾ?" ಅಂದ.

ಎಳೆಯುತ್ತದಪ್ಪಾ, ಎಳೆಯಲೇಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ದಾಟಿದರೆ, ಅಲ್ಲಿಯ ಸೆಖೆ ಲೆಕ್ಕಕ್ಕೆ ಹಿಡಿದರೂ, ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಇಲ್ಲದ ಯಾವ ಪೆಟ್ರೋಲ್ ಗಾಡಿಯಾದರೂ ಚುರುಕಾಗುತ್ತದೆ. ಹಳೆ ಡಬ್ಬ ಇದ್ದಿದ್ದರೂ ಎಳೆಯುತ್ತಿತ್ತು. ಫಿಲ್ಟರ್ ಹಾಕಿಸಿದ ಮರುದಿನವೇ ಅವನು ಊರಿಗೆ ಹೊರಟಿದ್ದ, ಸಮುದ್ರದ ಗಾಳಿ ಮಾಡಿದ ಕೆಲಸದ ಹೆಸರು ಫಿಲ್ಟರಿಗೆ ಬಂತು. ಪಾಪ, ಅವನು ಸುಳ್ಳು ಹೇಳುತ್ತಿರಲಿಲ್ಲ.

ಇನ್ನೊಂದು ನಂಬಿಕೆ, ಕಂಪನಿಯ ಕಾಗದದ ಫಿಲ್ಟರ್ ಇಂಜಿನ್ನಿಗೆ ಉಸಿರು ಕಟ್ಟಿಸುತ್ತದೆ ಅಂತ. 1.2 ಲೀಟರಿನ ಇಂಜಿನ್ 6,000 ಆರ್‌ಪಿಎಮ್‌ನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 3,600 ಲೀಟರ್ ಗಾಳಿ ಎಳೆಯುತ್ತದೆ. ಆ ಕಾಗದವನ್ನು ಅಷ್ಟೊಂದು ಮಡಿಕೆ ಮಡಿಕೆಯಾಗಿ ಮಾಡಿರುವುದೇ ಅಷ್ಟೂ ಗಾಳಿ ಸಲೀಸಾಗಿ ದಾಟಲಿ ಅಂತ. ಅಷ್ಟಕ್ಕೂ ಊರೊಳಗೆ ನಾವು ಓಡಿಸುವುದು 2,000 ಆಸುಪಾಸಿನಲ್ಲಿ, ಆಗ ಪೆಟ್ರೋಲ್ ಗಾಡಿಯಲ್ಲಿ ಗಾಳಿ ಒಳಗೆ ಬಿಡುವ ಥ್ರಾಟಲ್ ಬಾಗಿಲೇ ಮುಕ್ಕಾಲು ಪಾಲು ಮುಚ್ಚಿರುತ್ತದೆ. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿಟ್ಟು, ನೀರು ಜೋರಾಗಿ ಬರಲಿ ಅಂತ ಟ್ಯಾಂಕಿನಿಂದ ಬರುವ ಪೈಪು ದಪ್ಪದ್ದು ಹಾಕಿಸಿದರೆ ಏನು ಬಂತು?

ಸದ್ದು ಎಲ್ಲಿಂದ ಬರುತ್ತದೆ ಅಂದರೆ, ಆ ಸೊಂಡಿಲಿಗೆ ಅಂಟಿಕೊಂಡು ಒಂದು ಖಾಲಿ ಗೂಡು ಇರುತ್ತದೆ, ರೆಸೊನೇಟರ್ ಅಂತ. ಯಾವ ಕೆಲಸಕ್ಕೂ ಬಾರದ್ದು ಅನ್ನಿಸುವ ಹಾಗಿರುತ್ತದೆ. ಗಾಳಿ ಎಳೆಯುವ ಸದ್ದನ್ನು ನುಂಗುವುದೇ ಅದರ ಕೆಲಸ. ಅದನ್ನು ಬಿಚ್ಚಿದರೆ ಇಂಜಿನ್ ಗುರ್ರ್ ಅನ್ನುತ್ತದೆ, ಕೇಳಿದವನಿಗೆ ಹುಮ್ಮಸ್ಸು ಬರುತ್ತದೆ, ಕಾಲು ತಾನಾಗಿಯೇ ಒಂದಿಷ್ಟು ಜಾಸ್ತಿ ಒತ್ತುತ್ತದೆ. ಆ ಹುಡುಗನ ಮೈಲೇಜ್ ಹೋದದ್ದೂ ಬಹುಪಾಲು ಹೀಗೇ ಅಂತ ನನ್ನ ಅಂದಾಜು.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನನ್ನ ನಿಜವಾದ ಚಿಂತೆ ಧೂಳಿನದು.

ನಾನು ಕೆಲಸ ಕಲಿತದ್ದು ಹೊಸಪೇಟೆಯಲ್ಲಿ, ಸಂಡೂರಿನ ಅದಿರು ಲಾರಿಗಳ ಮೇಲೆ. ಹಳೆ ಲಾರಿಗಳಲ್ಲಿ ಆಯಿಲ್ ಬಾತ್ ಏರ್ ಕ್ಲೀನರ್ ಇರುತ್ತಿತ್ತು. ತಳದ ಬಟ್ಟಲಲ್ಲಿ ಆಯಿಲ್, ಗಾಳಿ ಅದರ ಮೇಲೆ ಹಾದು ಹೋಗುವಾಗ ಧೂಳು ಅಲ್ಲೇ ಕೂರುತ್ತಿತ್ತು. ಬಟ್ಟಲು ತೊಳೆಯುವುದು ಹುಡುಗರ ಕೆಲಸ. ಆಯಿಲ್ ಚೆಲ್ಲಿದ ಮೇಲೆ ತಳದಲ್ಲಿ ಕೆಂಪು ಕೆಸರು ಎರಡು ಬೆರಳು ದಪ್ಪಕ್ಕೆ ಉಳಿಯುತ್ತಿತ್ತು, ಚಮಚದಲ್ಲಿ ಕೆರೆದು ತೆಗೆಯುತ್ತಿದ್ದೆವು. ಬೆರಳುಗಳ ನಡುವೆ ಉಜ್ಜಿದರೆ ಕರಕರ ಅನ್ನುತ್ತಿತ್ತು. ತೊಳೆಯದೆ ಬಿಟ್ಟ ಲಾರಿಗಳು ನೀಲಿ ಹೊಗೆ ಉಗುಳುತ್ತಾ ಬರುತ್ತಿದ್ದವು, ಪಿಸ್ಟನ್ ರಿಂಗ್ ಸವೆದು, ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಗೀರು ಬಿದ್ದು. ರಸ್ತೆ ಧೂಳಿನಲ್ಲಿರುವ ಮರಳಿನ ಕಣ ಕಬ್ಬಿಣವನ್ನೇ ಉಜ್ಜಿ ತೆಗೆಯುವಷ್ಟು ಗಟ್ಟಿ. ಕಣ್ಣಿಗೆ ಕಾಣದ ಸಣ್ಣ ಕಣಗಳೇ ಪಿಸ್ಟನ್ನಿಗೂ ಬೋರಿಗೂ ನಡುವೆ ನುಸುಳಿ ಅರೆಯುತ್ತವೆ.

ಈ ಥರದ ಹತ್ತಿ ಬಟ್ಟೆಯ ಫಿಲ್ಟರುಗಳಲ್ಲಿ ಒಳ್ಳೆಯವೂ ಇವೆ, ಅಲ್ಲ ಅನ್ನುವುದಿಲ್ಲ. ಆದರೆ ಅವುಗಳಲ್ಲಿ ಧೂಳು ಹಿಡಿಯುವುದು ಬಟ್ಟೆಗೆ ಹಚ್ಚಿದ ಎಣ್ಣೆ. ಎಣ್ಣೆ ಕಡಿಮೆಯಾದರೆ ಧೂಳು ಒಳಗೆ ಹೋಗುತ್ತದೆ. ಜಾಸ್ತಿಯಾದರೆ ಎಣ್ಣೆಯೇ ಹೋಗಿ, ಗಾಳಿ ಅಳೆಯುವ ಸೆನ್ಸರಿನ ಕೂದಲೆಳೆಯಂಥ ಬಿಸಿ ತಂತಿಗೆ ಅಂಟುತ್ತದೆ. ಆ ಮೂರರಲ್ಲಿ ಒಂದು ಡೀಸೆಲ್ ಗಾಡಿಗೆ ಆಮೇಲೆ ಆದದ್ದು ಅದೇ. ಚೆಕ್ ಲೈಟ್ ಬಂದು, ಗಾಡಿ ಲಿಂಪ್ ಮೋಡಿಗೆ (ಇಂಜಿನ್ ಉಳಿಸಲು ಪವರ್ ತಗ್ಗಿಸಿಕೊಳ್ಳುವ ಸ್ಥಿತಿಗೆ) ಹೋಗಿ, ಏರಿನಲ್ಲಿ ಎಳೆಯುತ್ತಲೇ ಇರಲಿಲ್ಲ. ಸೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದರೆ ತಂತಿಯ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಧೂಳು. ಸೆನ್ಸರಿಗೆಂದೇ ಬರುವ ಸ್ಪ್ರೇಯಲ್ಲಿ ತೊಳೆದೆ, ಸರಿಹೋಯಿತು. ಎಲ್ಲ ಸಲ ಸರಿಹೋಗುವುದಿಲ್ಲ.

ಟರ್ಬೊ ಗಾಡಿಗೆ ರೀಮ್ಯಾಪ್ ಮಾಡಿಸಿ (ಇಸಿಯು ಲೆಕ್ಕ ಬದಲಿಸಿ), ಮುಚ್ಚಿದ ಡಬ್ಬದೊಳಗೇ ದೊಡ್ಡ ಫಿಲ್ಟರ್ ಕೂರಿಸಿ, ಪವರ್ ಅಳೆಯುವ ಡೈನೊ ಯಂತ್ರದ ಮೇಲೆ ಓಡಿಸಿ ನೋಡುವವರು ಇದ್ದಾರೆ, ಅವರ ಲೆಕ್ಕ ಬೇರೆ. ನಿಮ್ಮ ಗಾಡಿ ನೋಡದೆ ಅದಕ್ಕೆ ಏನಾಗುತ್ತದೆಂದು ನಾನು ಹೇಳಲಾರೆ. ಹೊಸ ಗಾಡಿಯಾದರೆ ವಾರಂಟಿಗೆ ತೊಂದರೆಯಾಗಬಹುದು, ಮೊದಲು ಶೋರೂಮಿನಲ್ಲಿ ಕೇಳಿ. ತಣ್ಣನೆ ಗಾಳಿ ಸಿಗಲೆಂದು ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವುದಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಒಂದು ಅಂಡರ್‌ಪಾಸ್ ಸಾಕು, ಇಂಜಿನ್ ನೀರು ಎಳೆದುಕೊಂಡು ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಮಂಗಳೂರಿನ ಹುಡುಗ ಎರಡು ದಿನ ಬಿಟ್ಟು ಬಂದ. "ಹಳೇದೇ ಹಾಕಿ ಅಣ್ಣಾ" ಅಂದ. ಡಬ್ಬ ಎಲ್ಲಿ ಅಂದರೆ, ಫಿಲ್ಟರ್ ಹಾಕಿದ ಅಂಗಡಿಯಲ್ಲೇ ಬಿಟ್ಟು ಬಂದಿದ್ದ. ಅವರು ಗುಜರಿಗೆ ಹಾಕಿಬಿಟ್ಟಿದ್ದರು. ಗುಜರಿಯಲ್ಲಿ ಹುಡುಕಿಸಿ ಡಬ್ಬ ತರಿಸಿದೆ, ಸೊಂಡಿಲು ಮಾತ್ರ ಬೇರೆ ಮಾಡೆಲ್ಲಿನದು. ಸರಿಯಾದದ್ದಕ್ಕೆ ಆರ್ಡರ್ ಹಾಕಿದ್ದೇವೆ. ನೀವು ಬದಲಿಸುವುದೇ ಆದರೆ ಡಬ್ಬ, ಸೊಂಡಿಲು, ನಾಲ್ಕು ಕ್ಲಿಪ್ಪು, ರಬ್ಬರ್ ಬುಷ್ಷು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಮನೆಯ ಅಟ್ಟದ ಮೇಲೆ ಇಡಿ.