ತಾಣ ತೆರೆಯದ ಶ್ರಾವಣ: ಅಂತರ್ಜಾಲ ತಡೆಯಾಜ್ಞೆಗಳ ಹಿನ್ನೆಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ರಾತ್ರಿಗಳು ತಾಳಮದ್ದಳೆಗೆ ಸಲ್ಲುತ್ತವೆ. 2017ರ ಆಗಸ್ಟ್ ಎರಡನೆಯ ವಾರದಲ್ಲಿ, ಅರ್ಥ ಹೇಳುವ ಹವ್ಯಾಸವಿರುವ ಪರಿಚಿತರೊಬ್ಬರು ಹಳೆಯ ಪುಸ್ತಕವೊಂದರ ಸ್ಕ್ಯಾನ್ ಪ್ರತಿ ನೋಡಲು ಇಂಟರ್ನೆಟ್ ಆರ್ಕೈವ್ ತಾಣಕ್ಕೆ ಹೋದರೆ ಅದು ತೆರೆಯಲೇ ಇಲ್ಲ. ಮಳೆಗೆ ಲೈನ್ ಕೆಡುವುದು ನಮ್ಮಲ್ಲಿ ವಾಡಿಕೆಯಾದ್ದರಿಂದ ಅವರು ಲೈನ್‌ಮನ್‌ಗೆ ಫೋನ್ ಮಾಡಿದರು. ಲೈನ್ ಸರಿಯಾಗಿಯೇ ಇತ್ತು, ಉಳಿದ ತಾಣಗಳೆಲ್ಲ ತೆರೆಯುತ್ತಿದ್ದವು. ಅದೇ ದಿನಗಳಲ್ಲಿ ದೇಶದ ಬೇರೆಡೆ ಹಲವರಿಗೆ, ದೂರಸಂಪರ್ಕ ಇಲಾಖೆಯ ನಿರ್ದೇಶನದಂತೆ ಈ ವಿಳಾಸವನ್ನು ತಡೆಹಿಡಿಯಲಾಗಿದೆ ಎಂಬ ಇಂಗ್ಲಿಷ್ ಸೂಚನೆ ಕಂಡಿತ್ತು. ಯಾವ ಆದೇಶ, ಯಾವ ಕಾರಣ ಎಂಬುದು ಅದರಲ್ಲಿರಲಿಲ್ಲ.

ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ ಈ ಸಂಸ್ಥೆ ಪುಸ್ತಕ, ಧ್ವನಿಮುದ್ರಣ, ಚಲನಚಿತ್ರ ಮತ್ತು ಅಳಿದುಹೋದ ಜಾಲಪುಟಗಳ ಪ್ರತಿಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ಇಟ್ಟಿದೆ. ಕನ್ನಡಿಗರ ಮೇಲೆ ಇದರ ಬೇರೊಂದು ಋಣವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಸರ್ಕಾರದ ಹಣದಿಂದಲೇ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಲಕ್ಷಾಂತರ ಭಾರತೀಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತ್ತು. ಹಕ್ಕುಸ್ವಾಮ್ಯದ ತಕರಾರಿನಿಂದಾಗಿ 2017ರ ಸುಮಾರಿಗೆ ಆ ಯೋಜನೆಯ ಸ್ವಂತ ತಾಣ ಸಾರ್ವಜನಿಕರಿಗೆ ಮುಚ್ಚಿದಾಗ, ಅಲ್ಲಿನ ಕನ್ನಡ ಪುಸ್ತಕಗಳು ಓದುಗರಿಗೆ ಸಿಗುತ್ತಿದ್ದುದು ಈ ಪರದೇಶದ ಕಪಾಟಿನಲ್ಲಿಯೇ. ಹೊನ್ನಾವರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಹವ್ಯಕರ ಆಡುಮಾತಿನಲ್ಲಿ ಪ್ರಕಟಿಸಿದ ಸಾಮಾಜಿಕ ಪ್ರಹಸನದಂಥ ಕೃತಿಗಳ ಮೇಲೆ ಇಂದು ಯಾರ ಹಕ್ಕುಸ್ವಾಮ್ಯವೂ ಇಲ್ಲ. ಲೇಖಕ ತೀರಿಕೊಂಡ 60 ವರ್ಷಗಳ ನಂತರ ನಮ್ಮ ಕಾನೂನಿನಲ್ಲಿ ಅದು ಮುಗಿಯುತ್ತದೆ. ಆದರೆ ಬಾಗಿಲಿಗೇ ಬೀಗ ಬಿದ್ದಾಗ ಒಳಗಿನ ಯಾವ ಪುಸ್ತಕ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಬೀಗ ಬೀಳುವ ರೂಢಿ ಹಳೆಯದು. 2003ರಲ್ಲಿ ಮೇಘಾಲಯದ ಪ್ರತ್ಯೇಕತಾವಾದಿಗಳದ್ದೆಂದು ಹೇಳಲಾದ ಒಂದು ಪುಟ್ಟ ಯಾಹೂ ಗುಂಪನ್ನು ತಡೆಯಲು ಆದೇಶವಾದಾಗ, ಅದೊಂದನ್ನೇ ಬೇರ್ಪಡಿಸಲಾಗದ ಅಂತರ್ಜಾಲ ಸೇವಾದಾರರು ಎಲ್ಲ ಯಾಹೂ ಗುಂಪುಗಳನ್ನೂ ಮುಚ್ಚಿದರು. 2006ರಲ್ಲಿ ಮುಂಬೈ ರೈಲು ಸ್ಫೋಟದ ಬೆನ್ನಿಗೆ ಕೆಲವೇ ಬ್ಲಾಗುಗಳ ಮೇಲಿನ ಆದೇಶಕ್ಕೆ ಬ್ಲಾಗ್‌ಸ್ಪಾಟ್ ಪೂರ್ತಿ ಬಲಿಯಾಯಿತು. 2008ರ ತಿದ್ದುಪಡಿಯಿಂದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ, ತಾಣಗಳನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ 69ಎ ಕಲಂ ಸೇರಿ, ಮರುವರ್ಷ ಅದರ ನಿಯಮಗಳೂ ಜಾರಿಗೆ ಬಂದವು. 2014ರ ಡಿಸೆಂಬರ್‌ನಲ್ಲಿ ಮುಂಬೈನ ಭಯೋತ್ಪಾದನಾ ನಿಗ್ರಹ ದಳದ ಸಲಹೆಯ ಮೇರೆಗೆ ತಡೆಹಿಡಿದ 32 ವಿಳಾಸಗಳಲ್ಲಿ ಇಂಟರ್ನೆಟ್ ಆರ್ಕೈವ್, ವಿಡಿಯೊ ತಾಣಗಳಾದ ವಿಮಿಯೊ, ಡೈಲಿಮೋಷನ್, ಬರಹ ಹಂಚುವ ಪೇಸ್ಟ್‌ಬಿನ್ ಇದ್ದವು. ಐಸಿಸ್ ಪ್ರಚಾರ ಸಾಮಗ್ರಿ ಅಲ್ಲಿದೆ ಎಂಬುದು ಕೊಟ್ಟ ಕಾರಣ. ಸಹಕರಿಸಿದವರ ಬೀಗವನ್ನು ಒಂದೊಂದಾಗಿ ತೆಗೆಯಲಾಯಿತು.

2017ರ ಪ್ರಕರಣದ ಬೇರು ಬೇರೆ ಕಡೆ ಇತ್ತು. 69ಎ ಕಲಂ ಹೇಳುವ ಕಾರಣಗಳು ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥವು. ಹಕ್ಕುಸ್ವಾಮ್ಯ ಆ ಪಟ್ಟಿಯಲ್ಲಿಲ್ಲ. ಅದಕ್ಕಾಗಿ ಚಿತ್ರ ನಿರ್ಮಾಪಕರು ನ್ಯಾಯಾಲಯಕ್ಕೆ ಹೋಗುತ್ತಾರೆ. ಕದಿಯುವವನು ಯಾರೆಂದು ಇನ್ನೂ ಗೊತ್ತಿಲ್ಲದ ಕಾರಣ ಅಶೋಕ್ ಕುಮಾರ್ ಎಂಬ ಕಾಲ್ಪನಿಕ ಪ್ರತಿವಾದಿಯನ್ನು ನಿಲ್ಲಿಸಿ, ಚಿತ್ರ ತೆರೆಕಾಣುವ ಹೊತ್ತಿಗೆ ತಡೆಯಾಜ್ಞೆ ಪಡೆಯುತ್ತಾರೆ. 2012ರಲ್ಲಿ ಇಂಥದೇ ಆಜ್ಞೆಯಿಂದ ವಿಮಿಯೊದಂಥ ತಾಣಗಳು ಮುಚ್ಚಿದಾಗ, ನಿರ್ದಿಷ್ಟ ಕೊಂಡಿಗಳನ್ನು ಮಾತ್ರ ತಡೆಯಬೇಕೆಂದು ಮದ್ರಾಸ್ ಹೈಕೋರ್ಟೇ ಸ್ಪಷ್ಟಪಡಿಸಿತ್ತು. 2016ರಲ್ಲಿ ಬಾಂಬೆ ಹೈಕೋರ್ಟ್ ಇನ್ನೂ ಬಿಗಿಯಾಗಿ, ಒಂದೊಂದು ಕೊಂಡಿಯನ್ನೂ ಪರಿಶೀಲಿಸದೆ ಇಡೀ ತಾಣವನ್ನು ಮುಚ್ಚಲಾಗದು ಎಂದಿತು. ಮರುವರ್ಷ ಎರಡು ಹಿಂದಿ ಚಿತ್ರಗಳ ನಿರ್ಮಾಪಕರ ಅರ್ಜಿಗಳ ಮೇಲೆ ಮದ್ರಾಸ್ ಹೈಕೋರ್ಟ್‌ನಿಂದ ಹೊರಟ ಆಜ್ಞೆಯ ಪಟ್ಟಿಯಲ್ಲಿ ಮಾತ್ರ 2,600ಕ್ಕೂ ಹೆಚ್ಚು ತಾಣಗಳಿದ್ದವು, ಆರ್ಕೈವ್ ಅವುಗಳ ನಡುವೆ ಒಂದು ಸಾಲಾಗಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದು 1862ರಲ್ಲಿ, ಈ ಎರಡೂ ಹೈಕೋರ್ಟುಗಳು ಹುಟ್ಟಿದ ವರ್ಷವೇ. ಒಂದೂವರೆ ಶತಮಾನದ ನಂತರ ಮದ್ರಾಸಿನ ಆಜ್ಞೆ ಶಿರಸಿಯ ಒಂದು ಜಗಲಿಯ ತನಕ ಬಂದದ್ದಕ್ಕೆ ಪ್ರಾಂತದ ಗಡಿಯೇನೂ ಅಡ್ಡಿಯಾಗಲಿಲ್ಲ.

ಒಂದು ಚಿತ್ರದ ಪ್ರತಿಯನ್ನು ತಡೆಯಲು ಕೋಟ್ಯಂತರ ಕಡತಗಳಿರುವ ತಾಣವನ್ನೇ ಏಕೆ ಮುಚ್ಚಬೇಕು ಎಂಬುದಕ್ಕೆ ತಾಂತ್ರಿಕ ಉತ್ತರವೂ ಇದೆ. ಹಿಂದೆ ತಾಣಗಳ ವ್ಯವಹಾರ ಪೋಸ್ಟ್‌ಕಾರ್ಡಿನಂತಿತ್ತು, ಯಾವ ಪುಟ ಬೇಕೆಂದು ಓದುಗ ಕೇಳಿದ್ದು ಸೇವಾದಾರನಿಗೆ ಕಾಣುತ್ತಿತ್ತು. ಈಗ ಹೆಚ್ಚಿನ ತಾಣಗಳು ವ್ಯವಹಾರವನ್ನು ಗೂಢಲಿಪಿಯಲ್ಲಿ ಮುಚ್ಚುವ ಎಚ್‌ಟಿಟಿಪಿಎಸ್ ಬಳಸುವುದರಿಂದ ಅದು ಅಂಟಿಸಿದ ಲಕೋಟೆ. ಟಪಾಲಿನವನಿಗೆ ಮನೆಯ ವಿಳಾಸ ಕಾಣುತ್ತದೆ, ಒಳಗಿನ ಕಾಗದ ಕಾಣುವುದಿಲ್ಲ. ಹಾಗಾಗಿ ಒಂದೇ ಕೊಂಡಿಯನ್ನು ತಡೆಯಿರಿ ಎಂದು ಆದೇಶ ಬಂದರೂ ಸೇವಾದಾರ ಮಾಡಬಹುದಾದದ್ದು ಆ ಮನೆಯ ಟಪಾಲನ್ನೆಲ್ಲ ನಿಲ್ಲಿಸುವುದನ್ನೇ. ಕೊಂಡಿಯನ್ನಷ್ಟೇ ತೆಗೆಯುವುದು ತಾಣದವರಿಗೆ ಮಾತ್ರ ಸಾಧ್ಯ. ಹಕ್ಕುದಾರರ ದೂರು ಬಂದರೆ ಕಡತ ತೆಗೆಯುವ ಏರ್ಪಾಡು ಆರ್ಕೈವ್‌ನಲ್ಲಿ ಮೊದಲಿನಿಂದಲೂ ಇತ್ತು. ಒಂದು ಪತ್ರದಲ್ಲಿ ಮುಗಿಯುವ ಕೆಲಸಕ್ಕೆ ಒಂದು ಆಜ್ಞೆ ಹೊರಟಿತು, ಕೆಲವು ದಿನಗಳ ನಂತರ ಸದ್ದಿಲ್ಲದೆ ಬೀಗವೂ ತೆಗೆಯಿತು.

ಕಾನೂನಿನ ಮುಂದಿನ ಹಾದಿಯನ್ನು ಚಿಕ್ಕದಾಗಿ ಹೇಳಬಹುದು. 2015ರಲ್ಲಿ ಸುಪ್ರೀಂ ಕೋರ್ಟ್ ಅದೇ ಕಾಯ್ದೆಯಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆಂದಿದ್ದ 66ಎ ಕಲಮನ್ನು ರದ್ದುಪಡಿಸಿ 69ಎಯನ್ನು ಎತ್ತಿಹಿಡಿದಿತ್ತು. ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕಾದ್ದರಿಂದ ಅವನ್ನು ರಿಟ್ ಅರ್ಜಿಯಲ್ಲಿ ಪ್ರಶ್ನಿಸಬಹುದು ಎಂಬುದು ಅದರ ಒಂದು ಆಧಾರ. 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟ್, ತಡೆ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್ ಕಂಪನಿಯ ಅರ್ಜಿಯನ್ನು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿ, ಒಂದೊಂದು ಟ್ವೀಟ್ ಮಾತ್ರವಲ್ಲದೆ ಇಡೀ ಖಾತೆಯನ್ನೂ ತಡೆಯುವ ಅಧಿಕಾರ ಸರ್ಕಾರಕ್ಕಿದೆ ಎಂದಿತು. ಇವೆಲ್ಲದರ ಹಿಂದೆ 2009ರ ನಿಯಮಗಳ 16ನೆಯ ನಿಯಮ ಹಾಗೆಯೇ ಉಳಿದಿದೆ. ದೂರುಗಳೂ ಅವುಗಳ ಮೇಲಿನ ಕ್ರಮವೂ ಗೋಪ್ಯವಾಗಿರಬೇಕು ಎನ್ನುವುದು ಅದೇ. ಮಾಹಿತಿ ಹಕ್ಕಿನಡಿ ಕೇಳಿದವರಿಗೂ ಅನೇಕ ಸಲ ಉತ್ತರವಾಗಿ ಬರುವುದು ಅದರ ಉಲ್ಲೇಖ.

ಶಿರಸಿಯ ಓದುಗರೊಬ್ಬರು ಇಂಥ ಸರ್ಕಾರಿ ತಡೆಯನ್ನು ಪ್ರಶ್ನಿಸಬೇಕೆಂದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ವಕೀಲರು ಮೊದಲು ಕೇಳುವುದು, ಅರ್ಜಿಗೆ ಲಗತ್ತಿಸಲು ಆ ಆದೇಶದ ಪ್ರತಿಯನ್ನು.